ಎತ್ತಿನ ಹಲ್ಲು, ದೋಣಿಯ ಒಡಲು

ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ಬೆಲೆಯ ಮಾತು ಕಡೆಗೆ ಬರುತ್ತದೆ. ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ: ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು. ಗೊರಸು ನೋಡುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ಆಮೇಲೆ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ. ಇಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ, ನಿವೃತ್ತಿಯ ರೊಕ್ಕದಲ್ಲಿ ಹಳೆಯ ಹಾಯಿದೋಣಿ ಕೊಳ್ಳುವವರು ಮೊದಲು ಬೆಲೆ ಒಪ್ಪಿ ಆಮೇಲೆ ಪರೀಕ್ಷೆಗೆ ಇಳಿಯುತ್ತಾರೆ. ಅಷ್ಟು ಹೊತ್ತಿಗೆ ಮನಸ್ಸು ಸೋತಿರುತ್ತದೆ, ಕಣ್ಣು ಮಂಜಾಗಿರುತ್ತದೆ. ನಮ್ಮ ಪೇಟೆಯ ಕ್ರಮವೇ ಸರಿ ಎನ್ನುತ್ತೇನೆ.

ಅರವತ್ತೈದು ದಾಟಿದ ಗಂಡ-ಹೆಂಡತಿ ಇಬ್ಬರೇ ನಡೆಸುವುದಾದರೆ 32ರಿಂದ 36 ಅಡಿ ಸಾಕು. ಭಾರತದ ನಾವಿಕ ಅಭಿಲಾಷ್ ಟಾಮಿ 2022-23ರ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ 36 ಅಡಿಯ ದೋಣಿಯಲ್ಲೇ ಒಬ್ಬರೇ ಭೂಮಿ ಸುತ್ತಿ ಎರಡನೆಯವರಾಗಿ ಬಂದರು. 40 ಅಡಿ ಮೀರಿದರೆ ಹಾಯಿ, ಲಂಗರು, ಬಂದರಿನ ಬಾಡಿಗೆ ಎಲ್ಲವೂ ಭಾರ. ಮುಂದಿನ ಹಾಯಿ ತಾನೇ ಸುರುಳಿ ಸುತ್ತುವಂಥದ್ದಿರಲಿ, ಲಂಗರು ಎತ್ತಲು ಕರೆಂಟಿನ ರಾಟೆ ಇರಲಿ. ಮಾಸ್ಟ್ ಅಂದರೆ ಹಾಯಿಕಂಬದೊಳಗೇ ಸುತ್ತಿಕೊಳ್ಳುವ ದೊಡ್ಡ ಹಾಯಿಯೂ ಅನುಕೂಲವೇ. ಆದರೆ ಬಟ್ಟೆ ಹಳತಾಗಿ ಜೋತುಬಿದ್ದಿದ್ದರೆ ಗಾಳಿ ಏರಿದ ಹೊತ್ತಿಗೇ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಕ್ಯಾಬಿನ್ನಿನ ಏಣಿಯನ್ನು ಮೂರು ಸಲ ಹತ್ತಿಳಿಯಿರಿ. ಕೈಚಾಚಿದಲ್ಲಿ ಹಿಡಿಕೆ ಸಿಗದಿದ್ದರೆ ಆ ದೋಣಿ ಬಿಟ್ಟುಬಿಡಿ.

ಇನ್ನು ಹಲ್ಲು ಎಣಿಸುವ ಕೆಲಸ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಡೆಕ್ಕನ್ನು ಗೇಣು ಗೇಣಿಗೆ ತಟ್ಟುತ್ತ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ. ಫೈಬರಿನ ನಡುವಿನ ಬಾಲ್ಸಾ ಮರ ನೀರು ಕುಡಿದು ಕೊಳೆತಲ್ಲಿ ಬದ್ ಎನ್ನುತ್ತದೆ. ಬದಿಯ ಕಂಬಿಗಳ ಬುಡದಲ್ಲಿ, ಮಾಸ್ಟಿನ ತಂತಿಗಳು ಡೆಕ್ ಸೇರುವಲ್ಲಿ ಮೊದಲು ತಟ್ಟಿ. ಬೋಲ್ಟಿನ ಸುತ್ತಲ ಸೀಲಂಟ್ ಒಣಗಿ ಬಿರಿದು ನೀರು ಇಳಿಯುವುದು ಅಲ್ಲೇ. ದೋಣಿಯನ್ನು ನೀರಿನಿಂದ ಎತ್ತಿಸಿದಾಗ ಕೀಲ್, ಅಂದರೆ ದೋಣಿ ಮಗುಚದಂತೆ ಅಡಿಯಲ್ಲಿರುವ ಭಾರದ ರೆಕ್ಕೆ, ಒಡಲಿಗೆ ಕೂಡುವ ಗೆರೆ ನೋಡಿ: ಬಿರುಕು, ತುಕ್ಕಿನ ಸೋರಿಕೆ ಎರಡೂ ಕೆಟ್ಟ ಲಕ್ಷಣ. ಒಳಗಡೆ ಕೀಲಿನ ಹಿಂತುದಿಯ ಮೇಲಿನ ಅಡ್ಡಪಟ್ಟಿಗಳು ಸೀಳಿದ್ದರೆ ದೋಣಿ ಬಂಡೆಗೆ ಬಡಿದಿರಬೇಕು. ಬಡಿತಕ್ಕೆ ಕೀಲಿನ ಹಿಂಭಾಗ ಮೇಲಕ್ಕೆ ಒತ್ತುತ್ತದೆ. ಒಡಲಿನ ತೂತಿಗೆ ಕೂಡಿಸಿದ ನೀರಿನ ವಾಲ್ವಿನ ಹಿತ್ತಾಳೆ ಕೆರೆದಾಗ ಗುಲಾಬಿ ಬಣ್ಣ ಕಂಡರೆ ಅದರ ಸತು ಕರಗಿ ಹೋಗಿದೆ, ಲೋಹ ಬಿಸ್ಕತ್ತಿನಂತಾಗಿದೆ. ಮಾಸ್ಟಿನ ತಂತಿಗಳಿಗೆ 10-15 ವರ್ಷ ಆಗಿದ್ದರೆ ವಿಮೆಯವರೇ ಬದಲಿಸಲು ಕೇಳುವುದುಂಟು. ಆ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ.

ಎಂಜಿನ್ ಮೇಲೆ ಕೈಯಿಡಿ. ನೀವು ಹೋಗುವ ಮೊದಲೇ ಬಿಸಿಯಾಗಿದ್ದರೆ, ಹಳೆ ಟ್ರ್ಯಾಕ್ಟರ್ ಮಾರುವವರು ಆಡುವ ಆಟವೇ ಅದು: ತಣ್ಣಗಿದ್ದಾಗ ಚಾಲೂ ಆಗಲು ಪಡುವ ಪಾಡು ಮುಚ್ಚಿಡುವುದು. ತಣ್ಣಗಾದ ಮೇಲೆ ಚಾಲೂ ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಹೊಗೆಯ ಜತೆ ನೀರು ಕಮ್ಮಿ ಚಿಮ್ಮಿದರೆ ತಂಪಿನ ನೀರೆಳೆಯುವ ಪಂಪಿನ ರಬ್ಬರ್ ಚಕ್ರ (ಇಂಪೆಲ್ಲರ್) ಸವೆದಿದೆ, ಇಲ್ಲವೇ ಹೊಗೆಕೊಳವೆಯ ತಿರುವು (ಎಲ್ಬೋ) ಮಸಿ ಕಟ್ಟಿದೆ. ಸೇಲ್‌ಡ್ರೈವ್, ಅಂದರೆ ಎಂಜಿನ್ನಿನಿಂದ ಒಡಲಿನ ತಳದ ತೂತಿನ ಮೂಲಕ ನೀರಿಗಿಳಿದು ಫ್ಯಾನು ತಿರುಗಿಸುವ ಕಾಲು, ಇದ್ದರೆ ಆ ತೂತಿನಲ್ಲಿ ನೀರು ತಡೆಯುವ ರಬ್ಬರ್ ಪೊರೆ ಯಾವ ವರ್ಷದ್ದೆಂದು ಕೇಳಿ. ದೋಣಿಯ ಎಂಜಿನ್ ಮಾಡುವ ವೋಲ್ವೊ ಪೆಂಟಾ ಕಂಪನಿ 7 ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತದೆ.

ಕಾಗದದ ವಿಷಯದಲ್ಲಿ ಮಾತ್ರ ಇಲ್ಲಿಯವರಿಂದ ನಾವು ಕಲಿಯಬೇಕು. ನಮ್ಮಲ್ಲಿ ಸಂಚಕಾರ ಕೊಟ್ಟು ಹಗ್ಗ ಹಿಡಿದ ಮೇಲೆ ಎತ್ತು ಹಾಯುತ್ತದೆಂದು ಗೊತ್ತಾದರೆ ಜಗಳವೇ ಗತಿ. ಇಲ್ಲಿ ಸಾಮಾನ್ಯವಾಗಿ ಶೇ. 10 ಮುಂಗಡ, ಅದೂ ಸರ್ವೆಗೆ, ಅಂದರೆ ತಜ್ಞರು ಮಾಡುವ ದೋಣಿಯ ಪರೀಕ್ಷೆಗೆ, ಒಳಪಟ್ಟು ಎಂದು ಬರೆದುಕೊಂಡು. ದೊಡ್ಡ ದೋಷ ಸಿಕ್ಕರೆ ಬೆಲೆ ಇಳಿಯುತ್ತದೆ, ಇಲ್ಲವೇ ಮುಂಗಡ ಮರಳುತ್ತದೆ. ಸರ್ವೇಯರನನ್ನು ದಲ್ಲಾಳಿ ತೋರಿಸಿಕೊಡಬಾರದು, ಕೊಳ್ಳುವವರೇ ಹುಡುಕಬೇಕು. ಬೆಳಗಾವಿಯಲ್ಲಿ ಹಳೆ ಗಾಡಿ ಕೊಳ್ಳುವಾಗಲೂ ಇಂಥ ಎರಡು ಸಾಲು ಬರೆಸಿಕೊಂಡರೆ ಎಷ್ಟೋ ರೊಕ್ಕ ಉಳಿಯುತ್ತದೆ.

ಸಹಿ ಹಾಕುವ ಮೊದಲು ನೊಗ ಹೂಡಿ ನೋಡುವಂತೆ ಎರಡು ಗಂಟೆ ಕಡಲಿಗೆ ಹೋಗಿ. ಇಬ್ಬರಲ್ಲಿ ಬಲ ಕಮ್ಮಿ ಇದ್ದವರೇ ಚುಕ್ಕಾಣಿ ಹಿಡಿಯಲಿ, ಹಾಯಿ ಸುತ್ತಲಿ, ಲಂಗರು ಬಿಟ್ಟು ಎತ್ತಲಿ. ಮಾರುವವರು ಅಷ್ಟೂ ಹೊತ್ತು ಕೈಕಟ್ಟಿ ಕೂತಿರಬೇಕು.