ಆಳು ಸಿಗುತ್ತಿಲ್ಲ ಎನ್ನುವವರಿಗೆ

ನಮ್ಮ ದೇಶದ ನಿರ್ಮಾಣ ಕ್ಷೇತ್ರ ಮುಂದಿನ ಐದು ವರ್ಷಗಳಲ್ಲಿ ಎಷ್ಟು ಬೆಳೆಯಲಿದೆ ಎಂಬ ಅಂದಾಜುಗಳು ಪ್ರತಿ ಬಜೆಟ್ಟಿನ ಹೊತ್ತಿಗೆ ಮೊಬೈಲಿಗೆ ಬಂದು ಬೀಳುತ್ತವೆ. ನಾನು ಬಿಲ್ಲಿಂಗ್ ಎಂಜಿನಿಯರ್ ಆದ್ದರಿಂದ ನೆಂಟರು, ಹಳೆಯ ಸಹಪಾಠಿಗಳು ಇವನ್ನೆಲ್ಲ ನನಗೆ ಕಳುಹಿಸಿ, "ನಿಮ್ಮವರಿಗೆ ಒಳ್ಳೆಯ ಕಾಲ ಬಂತಲ್ಲ" ಎನ್ನುತ್ತಾರೆ. ಬೆಳೆಯುತ್ತದೆ ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಆ ಬೆಳವಣಿಗೆ ಎಲ್ಲಿ ಮುಗ್ಗರಿಸುತ್ತದೆ ಎಂದು ಉದ್ಯಮದ ದೊಡ್ಡವರು ಹೇಳುವುದಕ್ಕೂ ನಾನು ಸೈಟಿನಲ್ಲಿ ನೋಡುವುದಕ್ಕೂ ತಾಳೆಯಾಗುತ್ತಿಲ್ಲ. ಬರಹ ಉದ್ದವಿದೆ, ಬಿಡುವಾದಾಗ ಓದಿ.

ಮೊದಲು ಹಣದ ಮಾತು. 2020-21ರಲ್ಲಿ ಕೇಂದ್ರ ಸರ್ಕಾರ ಬಂಡವಾಳ ವೆಚ್ಚಕ್ಕೆ ತೆಗೆದದ್ದು ನಾಲ್ಕು ಲಕ್ಷ ಕೋಟಿಗಿಂತ ತುಸು ಹೆಚ್ಚು. 2025-26ರ ಬಜೆಟ್ಟಿನಲ್ಲಿ ಅದೇ ಬಾಬತ್ತಿಗೆ ಇಟ್ಟದ್ದು 11.21 ಲಕ್ಷ ಕೋಟಿ. ಹೆದ್ದಾರಿ, ರೈಲು, ಮೆಟ್ರೊ ಎಲ್ಲ ಇದರಲ್ಲೇ ಬರುತ್ತವೆ. ಇದರ ಮೇಲೆ ಪ್ರಧಾನಮಂತ್ರಿ ಆವಾಸ್ ಯೋಜನೆಯ ಎರಡನೇ ಸುತ್ತಿನಲ್ಲಿ ನಗರಗಳಿಗೆ 1 ಕೋಟಿ ಮನೆ, ಹಳ್ಳಿಗಳಿಗೆ ಹೆಚ್ಚುವರಿಯಾಗಿ 2 ಕೋಟಿ ಮನೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಸಿಮೆಂಟ್ ಮತ್ತು ಉಕ್ಕು, ಎರಡರ ತಯಾರಿಕೆಯಲ್ಲೂ ನಾವು ಚೀನಾದ ನಂತರ ಎರಡನೇ ಸ್ಥಾನದಲ್ಲಿದ್ದೇವೆ. 2023-24 ಮತ್ತು 2024-25ರಲ್ಲಿ ಸರ್ಕಾರ ಪ್ರಕಟಿಸಿದ ಅಂದಾಜುಗಳ ಪ್ರಕಾರ ಈ ಕ್ಷೇತ್ರ ಬೆಳೆದದ್ದು ವರ್ಷಕ್ಕೆ ಶೇ. 9-10ರ ಆಸುಪಾಸಿನಲ್ಲಿ. ಅಂದರೆ ಹಣವೂ ಇದೆ, ಸಾಮಗ್ರಿಯೂ ಇದೆ, ಕೆಲಸವೂ ಇದೆ.

ಹಾಗಾದರೆ ತೊಡಕು ಎಲ್ಲಿ? ಉದ್ಯಮದವರನ್ನು ಕೇಳಿದರೆ ಉತ್ತರ ಒಂದೇ: ಆಳು ಸಿಗುತ್ತಿಲ್ಲ. 2025ರ ಫೆಬ್ರುವರಿಯಲ್ಲಿ ದೊಡ್ಡ ನಿರ್ಮಾಣ ಕಂಪನಿ ಎಲ್ ಆ್ಯಂಡ್ ಟಿಯ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರು ಚೆನ್ನೈನ ಸಭೆಯೊಂದರಲ್ಲಿ, ಸರ್ಕಾರದ ಕಲ್ಯಾಣ ಯೋಜನೆಗಳಿಂದಾಗಿ ಕಾರ್ಮಿಕರು ಊರು ಬಿಟ್ಟು ಬರಲು ಒಪ್ಪುತ್ತಿಲ್ಲ ಎಂಬ ಅರ್ಥದ ಮಾತನ್ನಾಡಿದರು. ನಮ್ಮ ರಾಜ್ಯದ ಬಿಲ್ಡರುಗಳ ಬಾಯಲ್ಲಿ ಇದೇ ಮಾತು ಇನ್ನಷ್ಟು ಒರಟಾಗಿ ಬರುತ್ತದೆ: ಅಕ್ಕಿ ಪುಕ್ಕಟೆ ಕೊಟ್ಟರು, ಹೆಂಗಸರಿಗೆ ತಿಂಗಳಿಗೆ ಎರಡು ಸಾವಿರ ಕೊಟ್ಟರು, ಇನ್ನು ಗಾರೆ ಕಲಸಲು ಯಾರು ಬರುತ್ತಾರೆ?

ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮಾರುಕಟ್ಟೆಯಲ್ಲಿ ಟೊಮೆಟೊ ಕಡಿಮೆಯಾದರೆ ಬೆಲೆ ಏರುತ್ತದೆ. ಆಳು ಕಡಿಮೆಯಾದರೆ ಕೂಲಿ ಏರಬೇಕು. ಏರಿದೆಯೇ? ಅರ್ಥಶಾಸ್ತ್ರಜ್ಞ ಜ್ಯಾನ್ ಡ್ರೇಜ್ ಅವರು ರಿಸರ್ವ್ ಬ್ಯಾಂಕಿನ ಅಂಕಿಗಳನ್ನೇ ಹಿಡಿದು ಲೆಕ್ಕ ಹಾಕಿದರು. ಬೆಲೆಯೇರಿಕೆ ಕಳೆದು ನೋಡಿದರೆ, 2014-15ರಿಂದ 2021-22ರವರೆಗೆ ಗ್ರಾಮೀಣ ಕಟ್ಟಡ ಕಾರ್ಮಿಕರ ಕೂಲಿ ಏರಿದ್ದು ವರ್ಷಕ್ಕೆ ಕೇವಲ ಶೇ. 0.2. ಅದೇ ವರ್ಷಗಳಲ್ಲಿ ಬೆಂಗಳೂರಿನ ಹೊರವಲಯ ಎಷ್ಟು ಮಹಡಿ ಮೇಲೆದ್ದಿತು ಎಂಬುದನ್ನು ನೀವೆಲ್ಲ ಕಣ್ಣಾರೆ ಕಂಡಿದ್ದೀರಿ.

ಕೇರಳದ ಕಡೆ ತಿರುಗಿ ನೋಡಿ. 2021-22ರಲ್ಲಿ ಗ್ರಾಮೀಣ ಕಟ್ಟಡ ಕಾರ್ಮಿಕರ ಸರಾಸರಿ ದಿನಗೂಲಿ ಅಲ್ಲಿ ಸುಮಾರು 837 ರೂಪಾಯಿ. ದೇಶದ ಸರಾಸರಿ 373. ಮಧ್ಯಪ್ರದೇಶದಲ್ಲಿ 266. ಪಡಿತರ, ಪಿಂಚಣಿಗಳಂಥ ಕಲ್ಯಾಣ ಯೋಜನೆಗಳು ಕೇರಳದಲ್ಲಿ ನಮಗಿಂತ ಹಳೆಯವು. ಆದರೂ ಬಂಗಾಳ, ಅಸ್ಸಾಂ, ಒಡಿಶಾಗಳ ಹುಡುಗರು ಎರಡು ಹಗಲು ಎರಡು ರಾತ್ರಿ ರೈಲಿನಲ್ಲಿ ಕುಳಿತು ಪೆರುಂಬಾವೂರಿಗೆ ಹೋಗಿ ಇಳಿಯುತ್ತಾರೆ. 2024ರ ಆರಂಭದಲ್ಲಿ ಇಸ್ರೇಲಿಗೆ ಕಟ್ಟಡ ಕೆಲಸಗಾರರನ್ನು ಆರಿಸಲು ಹರಿಯಾಣದ ರೋಹ್ತಕ್‌ನಲ್ಲಿ ಪರೀಕ್ಷೆ ನಡೆಯಿತು. ಸೆಂಟ್ರಿಂಗ್, ಕಬ್ಬಿಣ ಕಟ್ಟುವುದು, ಟೈಲ್ಸ್, ಪ್ಲಾಸ್ಟರಿಂಗ್ ಬಲ್ಲವರಿಗೆ ತಿಂಗಳಿಗೆ 1.37 ಲಕ್ಷ ರೂಪಾಯಿ ಎಂದು ಹೇಳಿದ್ದರು. ಯುದ್ಧ ನಡೆಯುತ್ತಿರುವ ದೇಶವೆಂದು ಗೊತ್ತಿದ್ದೂ ಚಳಿಯಲ್ಲಿ ಸಾವಿರಾರು ಮಂದಿ ಸಾಲು ನಿಂತರು. ಅಂಥವರ ದೇಶದಲ್ಲಿ ಕುಳಿತು, ಜನ ಊರು ಬಿಟ್ಟು ಬರುವುದಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಯಾದಗಿರಿ, ರಾಯಚೂರು, ಕೊಪ್ಪಳಗಳಿಂದ ಬೆಂಗಳೂರು, ಗೋವಾ, ಪುಣೆಗೆ ಗುಳೆ ಹೋಗುವುದು ನಿಂತಿಲ್ಲ. ಬದಲಾದದ್ದು ಒಂದೇ: ಎಲ್ಲಿಗೆ ಹೋಗಬೇಕು, ಯಾವ ಮೇಸ್ತ್ರಿಯ ಕೆಳಗೆ ಹೋಗಬಾರದು ಎಂದು ಮೊಬೈಲಿನಲ್ಲಿ ವಿಚಾರಿಸಿ ಹೊರಡುತ್ತಾರೆ. ಕೆಲವು ವರ್ಷಗಳ ಹಿಂದೆ ನಾನಿದ್ದ ಸೈಟಿನಲ್ಲಿ ನಾಲ್ಕನೇ ಮಹಡಿಯ ಸ್ಲ್ಯಾಬಿಗೆ ಕಬ್ಬಿಣ ಕಟ್ಟುತ್ತಿದ್ದ ಇಡೀ ಗುಂಪು ಕಾಂಕ್ರೀಟ್ ಹಾಕುವ ಹಿಂದಿನ ರಾತ್ರಿ ಚೀಲ ಕಟ್ಟಿಕೊಂಡು ಹೊರಟುಹೋಯಿತು. ಮರುದಿನ ಕಚೇರಿಯ ವರದಿಯಲ್ಲಿ ಬರೆದದ್ದು "ಕಾರ್ಮಿಕರ ಅಭಾವ" ಎಂದು. ಎರಡು ತಿಂಗಳಿಂದ ಅವರಿಗೆ ಪೂರ್ತಿ ಬಟವಾಡೆ ಆಗಿರಲಿಲ್ಲ, ವಾರದ ಖರ್ಚಿಗೆಂದು ಅಷ್ಟಿಷ್ಟು ಕೈಗಿಟ್ಟು ಸಾಗಹಾಕುತ್ತಿದ್ದರು ಎಂಬುದು ಆ ವರದಿಯಲ್ಲಿ ಇರಲಿಲ್ಲ.

2020ರ ಮೇ ತಿಂಗಳನ್ನೂ ಕಾರ್ಮಿಕರು ಮರೆತಿಲ್ಲ. ಲಾಕ್‌ಡೌನ್‌ನಲ್ಲಿ ಊರಿಗೆ ಹೋಗಲು ಹಂಬಲಿಸುತ್ತಿದ್ದ ಹೊರರಾಜ್ಯದ ಕಾರ್ಮಿಕರಿಗೆ ವಿಶೇಷ ರೈಲುಗಳು ಹೊರಟಿದ್ದವು. ಬಿಲ್ಡರುಗಳ ಪ್ರತಿನಿಧಿಗಳೊಂದಿಗೆ ಸಭೆ ನಡೆದ ಬೆನ್ನಿಗೇ ನಮ್ಮ ರಾಜ್ಯ ಸರ್ಕಾರ ಆ ರೈಲುಗಳು ಬೇಡವೆಂದಿತು. ದೇಶದ ತುಂಬ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ನಿರ್ಧಾರ ಹಿಂತೆಗೆದುಕೊಂಡಿತು, ನಿಜ. ಆದರೆ ಆ ನಡುವೆ ಎಷ್ಟೋ ಮಂದಿ ಹೆಗಲ ಮೇಲೆ ಮಕ್ಕಳನ್ನು ಹೊತ್ತು ಹೆದ್ದಾರಿಯಲ್ಲಿ ನಡೆಯತೊಡಗಿದ್ದರು. ಹಾಗೆ ನಡೆದುಹೋದವರ ತಮ್ಮಂದಿರನ್ನೇ ನಾವು ಈಗ ಕೆಲಸಕ್ಕೆ ಕರೆಯುತ್ತಿದ್ದೇವೆ.

ಕೂಲಿ ಏಕೆ ಏರುವುದಿಲ್ಲ ಎಂಬುದಕ್ಕೆ ಬಿಲ್ಡರುಗಳ ಜಿಪುಣತನವೊಂದೇ ಕಾರಣವಲ್ಲ. ನನ್ನ ಕೆಲಸವೇ ಬಿಲ್ಲು ಬರೆಯುವುದಾದ್ದರಿಂದ ಇದನ್ನು ತುಸು ಬಿಡಿಸಿ ಹೇಳಬೇಕು. ಸರ್ಕಾರಿ ಕಾಮಗಾರಿಗಳಲ್ಲಿ ತಾಂತ್ರಿಕ ಅರ್ಹತೆ ದಾಟಿದವರ ಪೈಕಿ ಅತಿ ಕಡಿಮೆ ದರ ಬರೆದವನಿಗೆ, ನಮ್ಮ ಮಾತಿನಲ್ಲಿ ಎಲ್-1 ಆದವನಿಗೆ, ಗುತ್ತಿಗೆ ಹೋಗುತ್ತದೆ. ನೂರು ರೂಪಾಯಿ ಅಂದಾಜಿನ ಕಟ್ಟಡವನ್ನು ಒಬ್ಬ 85ಕ್ಕೆ ಮಾಡಿಕೊಡುತ್ತೇನೆ ಎಂದು ಬರೆದ ಎಂದಿಟ್ಟುಕೊಳ್ಳಿ. ನೂರರಲ್ಲಿ ಸುಮಾರು ಅರವತ್ತು ಸಾಮಗ್ರಿಗೆ ಹೋಗುತ್ತದೆ. ಸಿಮೆಂಟ್ ಕಂಪನಿಯಾಗಲಿ, ಉಕ್ಕಿನ ಕಂಪನಿಯಾಗಲಿ, ಕಲ್ಲು ಪುಡಿಮಾಡಿ ಎಂ-ಸ್ಯಾಂಡ್ ಮರಳು ಮಾಡುವ ಕ್ರಷರ್‌ನವನಾಗಲಿ ನೀವು ಎಲ್-1 ಆದಿರೆಂದು ಬೆಲೆ ಇಳಿಸುವುದಿಲ್ಲ. ಉಳಿದ ನಲವತ್ತರಲ್ಲಿ ಕೂಲಿ, ಯಂತ್ರದ ಬಾಡಿಗೆ, ಮೇಲುಖರ್ಚು, ಸುರಕ್ಷತೆ, ಲಾಭ ಎಲ್ಲ ಇರಬೇಕು. ಬಿಟ್ಟುಕೊಟ್ಟ ಹದಿನೈದು ರೂಪಾಯಿ ಪೂರ್ತಿ ಈ ನಲವತ್ತರಲ್ಲೇ ಹುಟ್ಟಬೇಕು. ಲಾಭವನ್ನು ಯಾರೂ ಬಿಡುವುದಿಲ್ಲ. ಆಗ ಹೆಲ್ಮೆಟ್ಟು, ಸೇಫ್ಟಿ ನೆಟ್ಟು, ಶೆಡ್ಡಿನ ಪಕ್ಕದ ಶೌಚಾಲಯ ಒಂದೊಂದಾಗಿ ಮಾಯವಾಗುತ್ತವೆ. ನಂತರ ಕೂಲಿಗೆ ಕತ್ತರಿ ಬೀಳುತ್ತದೆ.

ಕತ್ತರಿ ಬೀಳುವುದೂ ಒಂದೇ ಕಡೆ ಅಲ್ಲ. ಮುಖ್ಯ ಗುತ್ತಿಗೆದಾರನಿಂದ ಉಪಗುತ್ತಿಗೆದಾರ, ಅವನಿಂದ ಲೇಬರ್ ಕಂಟ್ರ್ಯಾಕ್ಟರ್, ಅವನಿಂದ ಊರಲ್ಲಿ ಮುಂಗಡ ಕೊಟ್ಟು ಜನ ಕರೆತಂದ ಮೇಸ್ತ್ರಿ. ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ಉಳಿಯುತ್ತದೆ. ಕೆಳಗೆ ಇಳಿಯುವುದು ಮಿಕ್ಕದ್ದು. ಇದರ ಜೊತೆ ಬಿಲ್ಲು ಪಾಸಾಗುವ ತಡ. ಬಾಕಿ ಬಿಲ್ಲುಗಳಿಗಾಗಿ ಕರ್ನಾಟಕದ ಗುತ್ತಿಗೆದಾರರ ಸಂಘ ಯಾವ ಪಕ್ಷದ ಸರ್ಕಾರವಿದ್ದರೂ ಬೀದಿಗಿಳಿಯುತ್ತಲೇ ಬಂದಿದೆ. ಬೆಂಗಳೂರಿನ ಈಜಿಪುರ ಮೇಲ್ಸೇತುವೆ ನೋಡಿ. ಎರಡೂವರೆ ಕಿಲೋಮೀಟರ್ ಉದ್ದದ್ದು, 2017ರಲ್ಲಿ ಶುರುವಾಯಿತು, 2019ಕ್ಕೆ ಮುಗಿಯಬೇಕಿತ್ತು. 2022ರಲ್ಲಿ ಗುತ್ತಿಗೆಯೇ ರದ್ದಾಯಿತು, ಮರುವರ್ಷ ಬೇರೆಯವರಿಗೆ ಹೋಯಿತು. ಬರಿಯ ಕಂಬಗಳು ರಸ್ತೆ ಮಧ್ಯೆ ನಿಂತಿದ್ದ ಆ ವರ್ಷಗಳಲ್ಲಿ ವಾಹನ ಸವಾರರು ಪಟ್ಟ ಪಾಡು ಪತ್ರಿಕೆಗಳಲ್ಲಿ ಬಂತು. ಇಂಥ ಕಾಮಗಾರಿ ನಿಂತಾಗ ಮಧ್ಯದಲ್ಲಿ ಕೈಬಿಟ್ಟುಹೋಗುವ ಕೂಲಿಯ ಬಾಕಿ ಸುದ್ದಿಯಾಗುವುದಿಲ್ಲ.

ಬೆಳವಣಿಗೆಯ ಅವಸರ ಕಾಂಕ್ರೀಟಿಗೆ ಅರ್ಥವಾಗುವುದಿಲ್ಲ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456 ಸಂಹಿತೆಯ ಪ್ರಕಾರ ಸ್ಲ್ಯಾಬಿನ ಕೆಳಗಿನ ಆಸರೆ ಕಂಬಗಳನ್ನು, ಹರವು (ಎರಡು ಆಧಾರಗಳ ನಡುವಿನ ಅಂತರ) ನಾಲ್ಕೂವರೆ ಮೀಟರ್ ಒಳಗಿದ್ದರೆ ಕನಿಷ್ಠ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ ತೆಗೆಯಬಾರದು. ಕಾಂಕ್ರೀಟಿನ ಬಲವನ್ನು ಲೆಕ್ಕ ಹಾಕುವುದೇ 28 ದಿನಕ್ಕೆ. ಇದನ್ನು ಪಾಲಿಸಲು ತಿಳಿದವರು ಬೇಕು, ಬೇಡವೆನ್ನುವ ಧೈರ್ಯವಿರುವ ಮೇಸ್ತ್ರಿ ಬೇಕು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಮಂದಿ ಸತ್ತರು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಅನುಮತಿ ಮೀರಿ ಮಹಡಿ ಏರಿಸಿದ್ದ ಕಟ್ಟಡ ಮಳೆಯಲ್ಲಿ ಕುಸಿದು ಕಾರ್ಮಿಕರು ಸತ್ತರು, ಅವರಲ್ಲಿ ಬಿಹಾರದಿಂದ ಬಂದವರೂ ಇದ್ದರು. ಕ್ಷೇತ್ರ ಶೇ. 9-10ರ ದರದಲ್ಲಿ ಬೆಳೆದಾಗ ಪಳಗಿದ ಕೈಗಳೂ ಅದೇ ವೇಗದಲ್ಲಿ ಹೆಚ್ಚಬೇಕು. ಚಿತ್ತಾಳಾಗಿ, ಅಂದರೆ ಕೈಗೆಲಸದ ಸಹಾಯಕನಾಗಿ, ಬಂದವನು ಕರಣೆ ಹಿಡಿಯಲು, ತೂಗುಗುಂಡು ಬಿಟ್ಟು ಗೋಡೆಯ ನೇರ ಅಳೆಯಲು ಕಲಿಯುವುದಕ್ಕೆ ವರ್ಷಗಳು ಬೇಕು. ಕಲಿಸಲು ಯಾರೂ ದುಡ್ಡು ಹಾಕುತ್ತಿಲ್ಲ, ಏಕೆಂದರೆ ಕಲಿತವನು ನಾಳೆ ಬೇರೆ ಸೈಟಿಗೆ ಹೋಗುತ್ತಾನೆ.

ಯಂತ್ರ ಬರುತ್ತದೆ, ಆಳೇ ಬೇಡವಾಗುತ್ತದೆ ಎನ್ನುವವರಿದ್ದಾರೆ. 2023ರಲ್ಲಿ ಹಲಸೂರು ಬಳಿಯ ಕೇಂಬ್ರಿಡ್ಜ್ ಬಡಾವಣೆಯಲ್ಲಿ ತ್ರೀಡಿ ಮುದ್ರಣದ ಅಂಚೆ ಕಚೇರಿ ಸುಮಾರು ಒಂದೂವರೆ ತಿಂಗಳಲ್ಲಿ ಎದ್ದು ನಿಂತಿತು. ಹೆಮ್ಮೆಯ ಕೆಲಸವೇ. ಆದರೆ ಅದು ಸಾವಿರ ಚದರಡಿಯ ಒಂದು ಕಟ್ಟಡ. ಹಳ್ಳಿಗಳಲ್ಲಿ ಕಟ್ಟಬೇಕಾದ 2 ಕೋಟಿ ಮನೆಗಳನ್ನು ಕಟ್ಟುವುದು ಅದೇ ಊರಿನ ಮೇಸ್ತ್ರಿಗಳು, ಗಾರೆಯವರು.

ಕೈಗಳ ಕೊರತೆಯೆಂದು ಗೋಳಾಡುವ ನಾವು ಕಣ್ಣೆದುರಿನ ಎಷ್ಟೋ ಕೈಗಳನ್ನು ನೋಡುವುದೇ ಇಲ್ಲ. ಸೈಟಿನಲ್ಲಿ ಹೆಂಗಸರು ಬಾಣಲಿ ಹೊರುತ್ತಾರೆ, ಇಟ್ಟಿಗೆ ಒದಗಿಸುತ್ತಾರೆ, ಕಾಂಕ್ರೀಟ್ ಗಟ್ಟಿಯಾಗಲು ಕ್ಯೂರಿಂಗಿಗೆ ನೀರು ಹಾಯಿಸುತ್ತಾರೆ. ಇಪ್ಪತ್ತು ವರ್ಷ ಗಾರೆ ಕಲಸಿದವಳ ಕೈಗೆ ಕರಣೆ ಕೊಡುವವರಿಲ್ಲ. ಹದ ಎಷ್ಟಿರಬೇಕೆಂದು ಅವಳಿಗೆ ಹೊಸ ಮೇಸ್ತ್ರಿಗಿಂತ ಚೆನ್ನಾಗಿ ಗೊತ್ತು, ಕೂಲಿ ಮಾತ್ರ ಅವನಿಗಿಂತ ಎಷ್ಟೋ ಕಡಿಮೆ. ಜಾರ್ಖಂಡಿನಲ್ಲಿ ಸ್ವಚ್ಛ ಭಾರತದ ಶೌಚಾಲಯ ಕಟ್ಟಲು ಗಂಡಸು ಮೇಸ್ತ್ರಿಗಳು ಸಾಲದೆ ಹೋದಾಗ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟರು. "ರಾಣಿ ಮಿಸ್ತ್ರಿ" ಎಂದು ಹೆಸರಾದ ಅವರು ಶೌಚಾಲಯ ಕಟ್ಟಿ ಮುಗಿಸಿದರು. ನಮ್ಮಲ್ಲಿ ಏಕಾಗದು? ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಇದಕ್ಕೆ ಬೇಕಾದ ಹಣವಿದೆ.

ಆ ಹಣದ ಕಥೆಯನ್ನೂ ಹೇಳಬೇಕು. 1996ರ ಕಾನೂನಿನ ಕಾಲದಿಂದಲೂ ಕಟ್ಟಡದ ವೆಚ್ಚದ ಶೇ. 1ನ್ನು ಕಾರ್ಮಿಕರ ಕಲ್ಯಾಣಕ್ಕೆಂದು ಸೆಸ್ ಆಗಿ ಕಟ್ಟಿಸಿಕೊಳ್ಳುತ್ತಾರೆ. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಲೆಕ್ಕದ ಪ್ರಕಾರ ದೇಶದಲ್ಲಿ ಸಂಗ್ರಹವಾದದ್ದು 37,400 ಕೋಟಿ, ಖರ್ಚಾದದ್ದು ಸುಮಾರು 9,500 ಕೋಟಿ. ಆ ಖರ್ಚಿನಲ್ಲೂ ಕೆಲವೆಡೆ ಕಾರ್ಮಿಕರ ಹೆಸರಿನಲ್ಲಿ ವಾಷಿಂಗ್ ಮೆಷಿನ್ನು, ಲ್ಯಾಪ್‌ಟಾಪುಗಳ ಬಾಬತ್ತಿದ್ದದ್ದು ನ್ಯಾಯಾಲಯವನ್ನೇ ಬೆಚ್ಚಿಬೀಳಿಸಿತು. ನಮ್ಮ ರಾಜ್ಯದಲ್ಲಿ ಕಾರ್ಮಿಕರೇ ಅಲ್ಲದವರ ಕೈಯಲ್ಲಿ ಮಂಡಳಿಯ ಸೌಲಭ್ಯ ಪಡೆಯುವ ಲೇಬರ್ ಕಾರ್ಡುಗಳು ಸಿಕ್ಕು ರದ್ದಾದವು. ನಿಜವಾಗಿ ಗಾರೆ ಕೆಲಸ ಮಾಡುವವನು ಮಾತ್ರ ಆ ಕಾರ್ಡಿಗೆ ಬೇಕಾದ 90 ದಿನ ದುಡಿದ ಪ್ರಮಾಣಪತ್ರಕ್ಕಾಗಿ ಅಲೆಯುತ್ತಾನೆ. ಮೂರು ತಿಂಗಳಲ್ಲಿ ಮೂರು ಸೈಟು ಬದಲಿಸಿದವನಿಗೆ ಸಹಿ ಹಾಕುವವರು ಯಾರು?

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ರಾಜ್ಯ ಬದಲಿಸಿದರೂ ಸೌಲಭ್ಯ ಕಾರ್ಮಿಕನ ಹಿಂದೆಯೇ ಹೋಗಬೇಕು ಎಂಬ ಆಶಯ ಅದರಲ್ಲಿದೆ, ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಸೆಸ್ ವಿನಾಯಿತಿಯ ಮಿತಿ ನೋಡಿ. ಸ್ವಂತ ವಾಸಕ್ಕೆ ಕಟ್ಟುವ ಮನೆಗಳಿಗೆ ಮೊದಲು 10 ಲಕ್ಷದವರೆಗೆ ವಿನಾಯಿತಿ ಇತ್ತು, ಈಗ ಅದು 50 ಲಕ್ಷ. ತುಮಕೂರು, ಹಾಸನ, ಗದಗದಂಥ ಊರುಗಳಲ್ಲಿ ಏಳುವ ಸ್ವಂತ ಮನೆಗಳಲ್ಲಿ ಬಹುಪಾಲು ಈ ಮಿತಿಯ ಒಳಗೇ ಬರುತ್ತವೆ. ಬೆಲೆಗಳು ಏರಿವೆ, ಮಿತಿ ಏರಿಸಬೇಕಿತ್ತು, ಒಪ್ಪುತ್ತೇನೆ. ಐದು ಪಟ್ಟು ಏರಿಸುವ ಅಗತ್ಯವಿರಲಿಲ್ಲ.

ಎಂಜಿನಿಯರುಗಳ ಬಗ್ಗೆಯೂ ಎರಡು ಮಾತು. ಕಾಲೇಜುಗಳಲ್ಲಿ ಸಿವಿಲ್ ಸೀಟುಗಳು ಖಾಲಿ ಉಳಿಯುತ್ತಿವೆ. ಹೊಸದಾಗಿ ಬಂದವರಿಗೆ ಹದಿನೈದು-ಇಪ್ಪತ್ತು ಸಾವಿರ ಸಂಬಳ ಕೊಟ್ಟು ಬೆಳಗ್ಗೆ ಎಂಟರಿಂದ ರಾತ್ರಿಯವರೆಗೆ ಬಿಸಿಲಲ್ಲಿ ನಿಲ್ಲಿಸಿದರೆ ಅವರಾದರೂ ಏಕೆ ಬಂದಾರು? ಇಲ್ಲೂ ಅದೇ ಕಥೆ.

ನಾನು ಕೇಳುವುದು ಮೂರೇ. ಸರ್ಕಾರಿ ಟೆಂಡರುಗಳಲ್ಲಿ ಸುರಕ್ಷತೆ, ಕಾರ್ಮಿಕರ ವಸತಿ, ಶೌಚಾಲಯ, ಮಕ್ಕಳ ಪಾಲನಾ ಕೊಠಡಿ ಇವುಗಳ ಮೊತ್ತವನ್ನು ಸ್ಪರ್ಧೆಯ ಹೊರಗಿಟ್ಟು ಮೊದಲೇ ನಿಗದಿ ಮಾಡಬೇಕು. ಎಷ್ಟು ಕಡಿಮೆ ದರ ಬರೆದರೂ ಆ ಸಾಲನ್ನು ಮುಟ್ಟುವಂತಿರಬಾರದು. ಎರಡನೆಯದು, ಹಿಂದಿನ ತಿಂಗಳ ಕೂಲಿ ಪ್ರತಿ ಕಾರ್ಮಿಕನ ಖಾತೆಗೆ ಹೋದ ಬ್ಯಾಂಕ್ ದಾಖಲೆ ಲಗತ್ತಿಸದೆ ಮುಂದಿನ ರನ್ನಿಂಗ್ ಬಿಲ್ಲು (ಮುಗಿದಷ್ಟು ಕೆಲಸಕ್ಕೆ ಆಗಾಗ ಸಲ್ಲಿಸುವ ಬಿಲ್ಲು) ಪಾಸಾಗಬಾರದು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮುಖ್ಯ ಮಾಲೀಕ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ಹೇಳಿತ್ತು, ಕಾಗದದಲ್ಲಿದ್ದದ್ದು ಬಿಲ್ಲಿಗೆ ಬರಲಿ. ಮೂರನೆಯದು, ಸರ್ಕಾರ ತನ್ನ ಬಿಲ್ಲನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು.

ಲೋಕೋಪಯೋಗಿ, ನೀರಾವರಿ ಇಲಾಖೆಗಳಲ್ಲಿ, ಪಾಲಿಕೆಗಳಲ್ಲಿ ಅಂದಾಜುಪಟ್ಟಿ ತಯಾರಿಸುವ ಗೆಳೆಯರು ನನ್ನ ಪಟ್ಟಿಯಲ್ಲಿ ಹಲವರಿದ್ದೀರಿ. ಮೊದಲನೆಯದನ್ನು ನಿಮ್ಮ ಮುಂದಿನ ಅಂದಾಜಿನಲ್ಲೇ ಸೇರಿಸಬಹುದೇ, ಅಡ್ಡ ಬರುವ ನಿಯಮ ಯಾವುದಾದರೂ ಇದೆಯೇ, ಇಲ್ಲಿ ಬರೆಯಿರಿ. ಇದ್ದರೆ ಅದರ ಮೇಲೆ ಮುಂದಿನ ಪೋಸ್ಟ್ ಬರೆಯುತ್ತೇನೆ.