ಆರ್ ಸಾಫ್ಟ್‌ವೇರ್ ತಪ್ಪು ಉತ್ತರ ಕೊಡುತ್ತೆ ಅನ್ನೋ ಮೆಸೇಜ್ ಬಗ್ಗೆ ಸ್ಪಷ್ಟನೆ

"ಆರ್ ಫ್ರೀ ಸಾಫ್ಟ್‌ವೇರ್, ಅದರ ರಿಸಲ್ಟ್ ಎಸ್‌ಪಿಎಸ್‌ಎಸ್ ಜೊತೆ ಮ್ಯಾಚ್ ಆಗಲ್ಲ, ರಿಸರ್ಚ್‌ಗೆ ಬಳಸಬೇಡಿ" ಅಂತ ಒಂದು ಮೆಸೇಜ್ ಓಡಾಡ್ತಿದೆ, ಜೊತೆಗೆ ಟಿ-ಟೆಸ್ಟ್‌ನ (ಎರಡು ಗುಂಪಿನ ಸರಾಸರಿ ಹೋಲಿಸೋ ಪರೀಕ್ಷೆ) ಎರಡು ಸ್ಕ್ರೀನ್‌ಶಾಟ್ ಬೇರೆ. ಆರ್, ಎಸ್‌ಪಿಎಸ್‌ಎಸ್ ಎರಡೂ ಅಂಕಿಅಂಶ ಲೆಕ್ಕ ಹಾಕೋ ಸಾಫ್ಟ್‌ವೇರ್‌ಗಳು. ಈ ಮೆಸೇಜ್ ಹೇಳೋದು ಸರಿಯಲ್ಲ.

ಅಲ್ಲಿ ಆಗಿರೋದು ಇಷ್ಟೇ. ಆರ್‌ನಲ್ಲಿ ಟಿ-ಟೆಸ್ಟ್ ಕೊಟ್ರೆ ಅದು ತಾನಾಗೇ ವೆಲ್ಚ್ ಟೆಸ್ಟ್ ಮಾಡುತ್ತೆ, ಅಂದ್ರೆ ಎರಡೂ ಗುಂಪಿನ ವೇರಿಯನ್ಸ್ (ಅಂಕಿಗಳು ಎಷ್ಟು ಚದುರಿವೆ ಅನ್ನೋ ಅಳತೆ) ಒಂದೇ ಅಂತ ಅಂದ್ಕೊಳ್ಳಲ್ಲ. ಎಸ್‌ಪಿಎಸ್‌ಎಸ್ ಎರಡು ಸಾಲು ಕೊಡುತ್ತೆ, ಮೇಲಿನದು ವೇರಿಯನ್ಸ್ ಒಂದೇ ಅಂತ ಹಿಡಿದು ಮಾಡಿದ್ದು, ಕೆಳಗಿನದು ವೆಲ್ಚ್, ಎಲ್ಲರೂ ಮೇಲಿನದನ್ನ ಮಾತ್ರ ನೋಡ್ತಾರೆ. ಎರಡು ಗುಂಪು ಸೇರಿ 58 ಜನ ಇದ್ರೆ ಮೇಲಿನ ಸಾಲಲ್ಲಿ ಡಿಎಫ್ (ಡಿಗ್ರೀಸ್ ಆಫ್ ಫ್ರೀಡಂ, ಇಲ್ಲಿ ಒಟ್ಟು ಜನರಲ್ಲಿ ಎರಡು ಕಳೆದದ್ದು) 56 ಇರುತ್ತೆ, ಆರ್‌ನಲ್ಲಿ ಸಾಮಾನ್ಯವಾಗಿ ದಶಮಾಂಶದ ಸಂಖ್ಯೆ ಬರುತ್ತೆ, ಅದನ್ನ ನೋಡಿ ಗಾಬರಿ ಆಗಬೇಡಿ. ಆರ್ ಉತ್ತರವನ್ನ ಕೆಳಗಿನ ಸಾಲಿಗೆ ಹೋಲಿಸಿ, ಮ್ಯಾಚ್ ಆಗುತ್ತೆ. ನೀವೇ ಮಾಡಿ ನೋಡಬಹುದು, ಐದು ನಿಮಿಷದ ಕೆಲಸ.

ಅನೋವಾದಲ್ಲೂ (ಹಲವು ಗುಂಪುಗಳ ಸರಾಸರಿ ಹೋಲಿಸೋ ಪರೀಕ್ಷೆ) ಹೀಗೇ, ಗುಂಪುಗಳ ಸೈಜ್ ಬೇರೆ ಬೇರೆ ಇದ್ದು ಎರಡು ಫ್ಯಾಕ್ಟರ್ (ಗುಂಪು ಮಾಡೋ ಅಂಶ) ಇದ್ರೆ ಎಸ್‌ಪಿಎಸ್‌ಎಸ್ ಟೈಪ್ 3 (ಪ್ರತಿ ಫ್ಯಾಕ್ಟರ್‌ನ ಪರಿಣಾಮವನ್ನ ಉಳಿದದ್ದೆಲ್ಲ ಲೆಕ್ಕಕ್ಕೆ ತಗೊಂಡು ನೋಡೋದು) ಲೆಕ್ಕ ಹಾಕುತ್ತೆ, ಆರ್‌ನ ಮಾಮೂಲಿ ಫಂಕ್ಷನ್ ಟೈಪ್ 1 (ಫ್ಯಾಕ್ಟರ್‌ಗಳನ್ನ ಕೊಟ್ಟ ಕ್ರಮದಲ್ಲೇ ಒಂದಾದ ಮೇಲೊಂದು ನೋಡೋದು), ಅದಕ್ಕೇ ವ್ಯತ್ಯಾಸ.

ಆರ್‌ನ 1.0.0 ಆವೃತ್ತಿ ಬಂದಿದ್ದು 2000ದಲ್ಲಿ, ಅದರ ಕೋಡ್ ಯಾರು ಬೇಕಾದ್ರೂ ತೆಗೆದು ನೋಡಬಹುದು. ಕೋಡ್ ಬರೆಯೋಕೆ ಭಯ ಅನ್ಸಿದ್ರೆ ಜಮೋವಿ ಅನ್ನೋ ಸಾಫ್ಟ್‌ವೇರ್ ಇದೆ, ಅದೂ ಫ್ರೀ, ಮೆನು ಒತ್ತಿದ್ರೆ ಸಾಕು, ಒಳಗೆ ಓಡೋದು ಆರ್.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡೋದು ನಿಲ್ಸಿ, ಈಗಷ್ಟೇ ಕಲಿಯೋಕೆ ಶುರು ಮಾಡಿದವರು ಅದನ್ನ ನಂಬಿ ಆರ್ ಕಲಿಯೋದನ್ನೇ ಬಿಟ್ಟುಬಿಡ್ತಾರೆ. ಥೀಸಿಸ್‌ನಲ್ಲಿ ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ, ಯಾವ ಟೆಸ್ಟ್ ಅಂತ ಮಾತ್ರ ತಪ್ಪದೇ ಬರೀರಿ.