‘ಘಾಚರ್ ಘೋಚರ್’ ಹಳೆ ಕನ್ನಡ ಪದವಲ್ಲ

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಕಾದಂಬರಿಯ ಹೆಸರು ಹಳೆ ಕನ್ನಡ ಪದ, ಅದರಲ್ಲಿ ಬರುವ ಇರುವೆಗಳು ಬಡತನದ ಸಂಕೇತ ಎಂಬ ಮಾತು ಓಡಾಡುತ್ತಿದೆ. ಎರಡೂ ಸರಿಯಲ್ಲ.

ಕತೆಯೊಳಗೆ ಅದು ನಿರೂಪಕನ ಹೆಂಡತಿ ಅನಿತಾಳ ತವರಿನವರಷ್ಟೇ ಆಡುತ್ತಿದ್ದ ಮಾತು. ಬಿಡಿಸಲಾಗದಷ್ಟು ಗೋಜಲಾದದ್ದಕ್ಕೆ ಹಾಗನ್ನುತ್ತಿದ್ದರು. ಮದುವೆಯ ಹೊಸದರಲ್ಲಿ ಲಂಗದ ಲಾಡಿ ಗಂಟು ಬಿದ್ದಾಗ ಗಂಡನ ಕಿವಿಗೆ ಮೊದಲ ಸಲ ಬೀಳುತ್ತದೆ.

ಇರುವೆಗಳ ವಿಷಯ ಅಷ್ಟು ಸುಲಭ ಅಲ್ಲ. ನಿರೂಪಕನ ಕುಟುಂಬದ ಹಳೆ ಪುಟ್ಟ ಮನೆಯಲ್ಲಿ ಅವು ಮುತ್ತುತ್ತಿದ್ದವು, ನಿಜ. ಆದರೆ ಅವನ್ನು ಹೊಸಕುವಾಗ ಮನೆಯವರಲ್ಲಿ ಹುಟ್ಟುವ ಕ್ರೌರ್ಯ ನೋಡಿ. ಚಿಕ್ಕಪ್ಪ ಶುರುಮಾಡಿದ ಮಸಾಲೆ ವ್ಯಾಪಾರ ಸೋನಾ ಮಸಾಲಾದ ದುಡ್ಡು ಬಂದು ದೊಡ್ಡ ಮನೆಗೆ ಹೋದ ಮೇಲೂ ಅದು ಬಿಡುವುದಿಲ್ಲ. ಈ ಸಲ ಇರುವೆಗಳ ಜಾಗದಲ್ಲಿ ಮನುಷ್ಯರು, ಅಷ್ಟೇ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸನ್ನು ಬಾಗಿಲಿಂದಲೇ ಬೈದು ಅಟ್ಟುವ ಭಾಗವನ್ನು ಇನ್ನೊಮ್ಮೆ ಓದಿ.